ನಿರ್ಮಾಲ್ಯದ ಗಂಟು

ದುರಗವ್ವನಿಗೆ ಮನುಷ್ಯರ ಮುಖಕ್ಕಿಂತ ಅವರ ಕಸದ ಬಕೆಟ್ಟಿನ ಮೇಲೆ ನಂಬಿಕೆ ಹೆಚ್ಚು. ವಿದ್ಯಾನಗರದ ಓಣಿಗಳಲ್ಲಿ ಕಸದ ಗಾಡಿಯ ಜೊತೆ ಹನ್ನೊಂದು ವರ್ಷ ನಡೆದವಳು. ಯಾರು ಕದ್ದು ಕುಡಿಯುತ್ತಾರೆ, ಯಾವ ಮನೆಯಲ್ಲಿ ಅಡುಗೆ ನಿಂತು ಹೋಟೆಲಿನ ಡಬ್ಬಿ ಬರುತ್ತಿದೆ, ಮುಚ್ಚಳ ಎತ್ತಿದರೆ ತಿಳಿಯುತ್ತಿತ್ತು. ಯಾರ ಮುಂದೂ ಬಾಯಿ ಬಿಟ್ಟವಳಲ್ಲ.

ಹೆಬ್ಬಳ್ಳಿಯಿಂದ ಮದುವೆಯಾಗಿ ಬಂದ ಮೊದಲ ನಾಲ್ಕು ವರ್ಷ ಊರಾಚೆಯ ಕಸದ ಗುಡ್ಡದ ಮೇಲೆ ಪ್ಲಾಸ್ಟಿಕ್ ಆರಿಸಿದ್ದಳು. ಗುಡ್ಡ ಒಳಗೊಳಗೇ ಉರಿಯುತ್ತಿತ್ತು. ಚಪ್ಪಲಿಯ ಅಡಿ ಕರಗುತ್ತಿತ್ತು. ಬುತ್ತಿ ಬಿಚ್ಚಿದರೆ ರೊಟ್ಟಿ ಕಾಣದಷ್ಟು ನೊಣ. ಉಗುಳಿದ ಕಫ ಕಪ್ಪಗಿರುತ್ತಿತ್ತು. ಗಾಡಿಯ ಕೆಲಸ ಸಿಕ್ಕ ದಿನ ಚಪ್ಪಲಿಯನ್ನು ಅಲ್ಲೇ ಎಸೆದು ಬರಿಗಾಲಲ್ಲಿ ಮನೆಗೆ ಹೋಗಿದ್ದಳು.

ಈಗ ದಿಲ್ಲಿಯಿಂದ ಹೊಸ ನಿಯಮ ಬಂದಿತ್ತು. ಗುಡ್ಡಕ್ಕೆ ಹೋಗುವ ಕಸ ಕಡಿಮೆಯಾಗಬೇಕು, ಅದಕ್ಕೆ ಮನೆಯಲ್ಲೇ ನಾಲ್ಕು ಪಾಲು ಮಾಡಬೇಕು: ಹಸಿ, ಒಣ, ಡೈಪರು-ಪ್ಯಾಡು, ಸೂಜಿ-ಔಷಧಿ-ಬಲ್ಬು. ನಿಯಮದಲ್ಲಿ ತಪ್ಪೇನೂ ಇರಲಿಲ್ಲ. ಅದನ್ನು ಪಾಲಿಸಬೇಕಾದವರು ಬಹಳ ಓದಿದವರು, ಅದೊಂದೇ ತೊಂದರೆ.

ಓಣಿಯವರು ತಮ್ಮದೇ ಐದನೆಯ ಪಾಲೊಂದನ್ನು ಮೊದಲಿನಿಂದಲೂ ಮಾಡುತ್ತಿದ್ದರು. ದೇವರಿಗೆ ಏರಿಸಿದ ಹೂವು-ಪತ್ರಿ ಮುಸುರೆಯಲ್ಲಿ ಬೆರೆಯಬಾರದು, ಕಾಲಿಗೆ ಸಿಗಬಾರದು. ಹಾಗಾಗಿ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ಗಂಟು ಹಾಕಿ, ಬಲಗೈಯಿಂದ ಕೊಡುತ್ತಿದ್ದರು. ದುರಗವ್ವ ಅದನ್ನು ಕಣ್ಣಿಗೊತ್ತಿಕೊಂಡು ಗಾಡಿಯ ಕೊಂಡಿಗೆ ತೂಗುಹಾಕುತ್ತಿದ್ದಳು. ಎಲ್ಲ ಬಕೆಟ್ಟಿನಲ್ಲೂ ಕೈಯಾಡಿಸುವ ಹೆಂಗಸು ಆ ಗಂಟನ್ನು ಮಾತ್ರ ಬಿಚ್ಚುತ್ತಿರಲಿಲ್ಲ.

ಒಂದು ಸೋಮವಾರ ಗೊಬ್ಬರದ ಘಟಕದಲ್ಲಿ ಕಸ ಆರಿಸುವ ಶಮೀಮ, ದುರಗವ್ವನ ಗಾಡಿಯಿಂದ ಬಂದು ಬಿಚ್ಚದೆ ರಾಶಿ ಬಿದ್ದಿದ್ದ ಅಂಥ ಚೀಲಗಳಲ್ಲಿ ಒಂದನ್ನು ಹರಿದಳು. ಮೇಲೆ ಸೇವಂತಿಗೆ, ಬಿಲ್ವಪತ್ರಿ. ಕೆಳಗೆ ದೊಡ್ಡವರ ಡೈಪರು ಎರಡು, ಉಬ್ಬಿ ಕೊಳೆತವು. ಅವುಗಳ ನಡುವಿದ್ದ ಇಂಜೆಕ್ಷನ್ ಸೂಜಿ ಅವಳ ಹೆಬ್ಬೆರಳಿಗೆ ನಾಟಿತು.

ಮೇಲ್ವಿಚಾರಕ ಶಶಿಕಾಂತ ಕೂಗಾಡಿದ. "ದುರಗವ್ವಾ, ಕಣ್ಣ ಮನ್ಯಾಗ ಇಟ್ಟ ಬಂದಿಯೇನ?"

"ದೇವರ ಹೂವಂತ ಬಿಚ್ಚಲಿಲ್ರೀ ಸಾಹೇಬ್ರ."

"ದೇವರು ಡೈಪರ್ ಹಾಕ್ಕೋತಾನೇನ? ಇನ್ನೊಮ್ಮೆ ನಿನ್ನ ಗಾಡ್ಯಾಗ ಹಿಂಗ ಬಂದ್ರ ನಿನ್ನ ಗುಡ್ಡಕ್ಕ ಕಳಸ್ತೇನಿ. ನೆನಪಿಡು."

ದವಾಖಾನೆಗೆ ಹೊರಟ ಶಮೀಮ ಬೈಯಲಿಲ್ಲ. "ನಿನ್ನ ಭಕ್ತಿ ನನ್ನ ಬೆರಳಿಗೆ ಚುಚ್ಚಿತ ನೋಡಕ್ಕಾ" ಎಂದಳು, ಅಷ್ಟೇ.

ಆ ಚೀಲದ ಗಂಟಿಗೆ ಹಳೆ ಸೀರೆಯ ಹಸಿರು ಅಂಚು ಕಟ್ಟಲಾಗಿತ್ತು. ಹಾಗೆ ಕಟ್ಟುವವಳು ಕಾಲೇಜಿನಲ್ಲಿ ಪಾಠ ಹೇಳುವ ಭಾಗ್ಯಶ್ರೀ ಒಬ್ಬಳೇ. ಅವಳ ಮಾವ ಶಾಂತಯ್ಯ ಹಾಸಿಗೆ ಹಿಡಿದು ವರ್ಷವಾಗಿತ್ತು. ಹೊಸ ನಿಯಮ ಬಂದ ಮೇಲೆ, ಎರಡು ತಿಂಗಳಿಂದ, ಆ ಮನೆಯ ಬಕೆಟ್ಟಿನಲ್ಲಿ ಒಂದೂ ಡೈಪರು ಬಂದಿರಲಿಲ್ಲ. ಬಕೆಟ್ಟು ನೋಡಿ ಮನೆಯ ಸುದ್ದಿ ತಿಳಿಯುವವಳಿಗೆ ಇದು ಹೊಳೆಯಬೇಕಿತ್ತು. ದುರಗವ್ವನಿಗೆ ತನ್ನ ಮೇಲೆಯೇ ಹೇಸಿಕೆ ಬಂತು. ಎರಡು ತಿಂಗಳು ಏನನ್ನು ಕಣ್ಣಿಗೊತ್ತಿಕೊಂಡಿದ್ದೆ ಎಂದು ನೆನೆದು ಆ ರಾತ್ರಿ ಮತ್ತೆ ಮತ್ತೆ ಮುಖ ತೊಳೆದಳು.

ಮರುದಿನ ಭಾಗ್ಯಶ್ರೀ ಮಿಂದು ಮಡಿಯಾಗಿ, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು ಚೀಲ ನೀಡಿದಳು. ದುರಗವ್ವ ಅಲ್ಲೇ ಗಂಟಿಗೆ ಕೈ ಹಾಕಿದಳು.

"ಏ, ಏನ ಮಾಡಾಕತ್ತಿ? ದೇವರ ಹೂವಿಗೆ ಆ ಕೈ ಹಚ್ಚತೀಯಲ್ಲ!"

"ಹೂವಿಗೆ ಹಚ್ಚೂದಿಲ್ರೀ ಅಕ್ಕಾರ. ಹೂವಿನ ಬುಡಕ ಏನೈತಿ ನೋಡತೇನಿ."

ಚೀಲದ ಬಾಯಿ ತೆರೆಯಿತು. ವಾಸನೆ ಎದುರು ಮನೆಯವರೆಗೆ ಹೋಯಿತು. ತುಳಸಿಗೆ ನೀರು ಹಾಕುತ್ತಿದ್ದ ತಾರಾಬಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಯಾವ ದೇವರಿಗೆ ಏರಿಸಿದ್ದ ಭಾಗ್ಯಾ, ಅದು?"

ಭಾಗ್ಯಶ್ರೀ ದನಿ ತಗ್ಗಿಸಿದಳು. "ಗೇಟಿನ ಮುಂದ ಅದನ್ನ ಬ್ಯಾರೆ ಬಕೆಟ್ಟಿನ್ಯಾಗ ಇಟ್ರ ಮಂದಿ ಏನಂತಾರವಾ? ಮಾನ ಇರೋ ಮನಿ ನಮ್ಮದು."

"ಶಮೀಮಗ ಸೂಜಿ ಚುಚ್ಚೇತ್ರಿ. ನನಗ ಗುಡ್ಡಕ್ಕ ಹೋಗಂತಾರ. ಪಾಲ ಮಾಡಿ ಕೊಡ್ರಿ, ನಿಲ್ಲತೇನಿ." ದುರಗವ್ವ ಚೀಲವನ್ನು ರಂಗೋಲಿಯ ಮೇಲೆ ಇಟ್ಟು, ತನ್ನ ಕೈಗವಸು ಕಳಚಿ ಕೊಟ್ಟಳು.

ಭಾಗ್ಯಶ್ರೀ ಮುಖ ಕಿವುಚಿಕೊಂಡು ತನ್ನ ಮನೆಯ ಹೊಲಸನ್ನು ತಾನೇ ಎತ್ತಿ ಬೇರೆ ಮಾಡಿದಳು. ಅಷ್ಟರಲ್ಲಿ ತಾರಾಬಾಯಿ ತನ್ನ ಹೂವಿನ ಗಂಟನ್ನು ಸದ್ದಿಲ್ಲದೆ ಗೇಟಿನಿಂದ ಒಳಗೆ ಒಯ್ದಿದ್ದಳು.

ಅಂದಿನಿಂದ ದುರಗವ್ವ ಪ್ರತಿ ಗಂಟನ್ನೂ ಬಿಚ್ಚಿಸಿದಳು. ಹೊಲಸು ಮತ್ತೆ ಘಟಕ ಮುಟ್ಟಲಿಲ್ಲ, ಅವಳು ಗುಡ್ಡಕ್ಕೆ ಹೋಗುವುದು ತಪ್ಪಿತು. ಆದರೆ ವಾರದೊಳಗೆ ಓಣಿಯಿಂದ ಹೂವಿನ ಗಂಟು ಬರುವುದೇ ನಿಂತಿತು.

ಈಗ ಗಾಡಿ ಕೆರೆಯ ದಂಡೆಯ ಮೇಲೆ ಹೋಗುವಾಗ ಅವಳಿಗೆ ಕಾಣುತ್ತದೆ: ಸ್ಕೂಟರು ನಿಲ್ಲಿಸಿ, ಚಪ್ಪಲಿ ಬಿಟ್ಟು, ಬಲಗೈಯಿಂದ ನೀರಿಗೆ ಚೀಲ ಎಸೆದು ಕೈಮುಗಿಯುವ ಮಂದಿ. ಪಾಚಿಯ ಮೇಲೆ ಗಂಟುಗಳು ಹಾಗೇ ತೇಲುತ್ತವೆ. ಹಸಿರು ಅಂಚಿನದೂ ಒಂದಿರುತ್ತದೆ. ದುರಗವ್ವ ಆ ಕಡೆ ಉಗುಳಿ, ಮುಂದಿನ ಓಣಿಗೆ ಗಾಡಿಯ ಗಂಟೆ ಬಾರಿಸುತ್ತಾಳೆ.