ಅಕ್ಕನಿಗೆ ಫೋನಿನಲ್ಲಿ ಹೇಳಿದ ಪಾಠ

ಇಪ್ಪತ್ತೆರಡು ವರ್ಷಗಳಿಂದ ನಾನು ಗುರುಮಠದಲ್ಲಿ, ಮುಂದೆ ಪಾದ್ರಿಗಳಾಗುವ ಹುಡುಗರಿಗೆ ನೈತಿಕ ದೇವಶಾಸ್ತ್ರ ಕಲಿಸುತ್ತಿದ್ದೇನೆ. ಬೈಬಲ್ ಮುಟ್ಟದವನಿಗೂ ಒಳಿತು ಕೆಡುಕು ತನ್ನ ಬುದ್ಧಿಯಿಂದಲೇ ತಿಳಿಯುತ್ತದೆ ಎಂಬುದು ನಿಸರ್ಗ ನಿಯಮದ ಮೊದಲ ಪಾಠ. ರೋಮಿನಲ್ಲಿ ಐದು ವರ್ಷ ಓದಿ ಅದರ ಮೇಲೆಯೇ ಪ್ರಬಂಧ ಬರೆದೆ. ಆ ವರ್ಷಗಳಲ್ಲಿ ಊರಿಗೆ ಬಂದದ್ದು ಎರಡೇ ಸಲ.

ಅವ್ವ ಮುದ್ದೇಬಿಹಾಳದಲ್ಲಿ ಕಾನ್ವೆಂಟ್ ಸಿಸ್ಟರುಗಳ ದವಾಖಾನೆಯಲ್ಲಿ ಆಯಾ ಆಗಿದ್ದಳು. ಕೈಲಾಗದಂತಾದ ಮೇಲೆ ತಾಳಿಕೋಟೆಯಲ್ಲಿ ಟೀಚರ್ ಆಗಿರುವ ಅಕ್ಕನ ಮನೆಗೆ ಬಂದಳು. ಮೂರು ವರ್ಷದ ಹಿಂದೆ ಅವಳಿಗೆ ಉಸಿರಾಟದ ತೊಂದರೆ ಹೆಚ್ಚಾಗಿ ವಿಜಯಪುರಕ್ಕೆ ಒಯ್ದರು. ನಾನು ಪರೀಕ್ಷೆಯ ಪೇಪರ್ ತಿದ್ದುತ್ತಿದ್ದಾಗ ಅಕ್ಕನ ಫೋನ್ ಬಂತು.

"ಡಾಕ್ಟರು ಉಸಿರಿನ ಮಷಿನ್ ಹಚ್ಚೂಣು ಅಂತಾರ. ಅವ್ವ ಮನಿಗೆ ಕರ್ಕೊಂಡು ನಡಿ ಅಂತಾಳ. ಏನ್ ಮಾಡ್ಲೋ?"

ನಾನು ಪಾಠ ಶುರು ಮಾಡಿದೆ. ಅನ್ನ, ನೀರು, ಆರೈಕೆ ತಪ್ಪಿಸಬಾರದು. ರೋಗಿಗೆ ಭಾರವಾದ, ಫಲವಿಲ್ಲದ ಚಿಕಿತ್ಸೆಯನ್ನು ಬಿಡಬಹುದು. ಆದರೆ ಫಲವಿಲ್ಲ ಎಂದು ಮೊದಲು ಖಚಿತವಾಗಬೇಕು, ಡಾಕ್ಟರನ್ನು ಇನ್ನೊಮ್ಮೆ ಕೇಳು ಎಂದೆಲ್ಲ ಹೇಳಿದೆ. ಅಕ್ಕ ಪೂರ್ತಿ ಕೇಳಿಸಿಕೊಂಡಳು.

"ನನಗ ತಿಳೀಲಿಲ್ಲಪ್ಪಾ. ನೀ ಬರ್ತೀಯೇನು?"

ಪರೀಕ್ಷೆ ಮುಗಿಸಿ ಶನಿವಾರ ಬರುತ್ತೇನೆ ಎಂದೆ.

ಅಕ್ಕ ಅಂದೇ ಅವ್ವನನ್ನು ಮನೆಗೆ ಕರೆತಂದಳು. ಶುಕ್ರವಾರ ಮುಂಜಾನೆ ಅವ್ವ ಎರಡು ಚಮಚ ಜೋಳದ ಗಂಜಿ ಕುಡಿದು, ಸಣ್ಣಾಂವ ಬಂದನೇನು ಎಂದು ಕೇಳಿ, ಅಕ್ಕನ ತೊಡೆಯ ಮೇಲೆಯೇ ಹೋಗಿಬಿಟ್ಟಳಂತೆ. ನಾನು ಬಂದು ಚರ್ಚಿನಲ್ಲಿ ಬಲಿಪೂಜೆ ಅರ್ಪಿಸಿ, ಮಣ್ಣು ಕೊಟ್ಟೆ.

ಮಣ್ಣು ಮಾಡಿ ಮನೆಗೆ ಬಂದ ಮೇಲೆ ಅಕ್ಕ ನನ್ನ ಮುಖ ನೋಡದೆ ಕೇಳಿದಳು. "ಮಷಿನ್ ಬ್ಯಾಡಂದೆ. ಪಾಪ ಆತೇನೋ?"

"ಇಲ್ಲಕ್ಕಾ. ನೀ ಮಾಡಿದ್ದ ಸರಿ."

"ಇಷ್ಟನ್ನ ಅವತ್ತ ಹೇಳಿದ್ರ ಸಾಕಿತ್ತು," ಎಂದು ಎದ್ದು, ಬಂದವರಿಗೆ ಚಹಾ ಮಾಡಲು ಒಳಗೆ ಹೋದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಈಗ ರಜೆ ಸಿಕ್ಕರೆ ಸಾಕು, ತಾಳಿಕೋಟೆಗೆ ಓಡುತ್ತೇನೆ. ಅಕ್ಕ ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತ, ನಾನು ಊರಲ್ಲಿಲ್ಲದ ವರ್ಷಗಳ ಅವ್ವನ ಬಗ್ಗೆ ಹೇಳುತ್ತಾಳೆ. ಹೆರಿಗೆಗೆ ಬಂದ ಹೆಂಗಸರಿಗೆ ಅವ್ವ ಜೋಗುಳ ಹಾಡಿ ಧೈರ್ಯ ಹೇಳುತ್ತಿದ್ದಳಂತೆ. ಅವ್ವ ಹಾಡುತ್ತಿದ್ದಳೆಂಬುದೇ ನನಗೆ ಗೊತ್ತಿರಲಿಲ್ಲ. ಯಾವ ಹಾಡು ಎಂದು ಕೇಳಿದೆ. ಅಕ್ಕನಿಗೆ ಮೊದಲ ಸಾಲಷ್ಟೇ ನೆನಪಿತ್ತು.