ಚನ್ನವೀರಮ್ಮ ಹೇಳದೆ ಬಿಟ್ಟ ಬೆಡಗು

ಬೆಳಗಿನ ಬಸ್ಸಿನಲ್ಲಿ ಕಂಡವರು ಯಾರೂ ತಿಪ್ಪೇರುದ್ರಪ್ಪನನ್ನು ಕಾಲೇಜಿನಲ್ಲಿ ಗಣಿತ ಹೇಳುವ ಮನುಷ್ಯ ಅಂದುಕೊಳ್ಳುತ್ತಿರಲಿಲ್ಲ. ಕುರುಗೋಡಿನಲ್ಲಿ ಹತ್ತಿ ಕಿಟಕಿ ಪಕ್ಕ ಕೂತನೆಂದರೆ ಮುಗಿಯಿತು, ಕಣ್ಣು ಹತ್ತಿ ಹೊಲದ ಮೇಲೆ, ಮನಸ್ಸು ಎಲ್ಲೋ. ಇಳಿಯುವ ಜಾಗ ದಾಟಿ ಬಳ್ಳಾರಿ ಬಸ್‌ಸ್ಟ್ಯಾಂಡ್ ತನಕ ಹೋಗಿ, ಉರಿಬಿಸಿಲಲ್ಲಿ ವಾಪಸ್ ನಡೆದು ಬಂದದ್ದು ಎಷ್ಟು ಸಲವೋ! "ಏನ್ರೀ ಸರ, ಇವತ್ತೂ ಕನಸಿನ್ಯಾಗ ಬಂದ್ರೇನು?" ಎಂದು ಕಾಲೇಜಿನ ಜವಾನ ಪಕ್ಕೀರಪ್ಪ ನಗುತ್ತಿದ್ದ.

ಅದು ಎಂಬತ್ತಾರನೇ ಇಸವಿ. ಕಂಪ್ಯೂಟರ್ ನೋಡಬೇಕಾದರೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುವ ಕಾಲ. ಆಗ ಅದನ್ನು ಕಲಿಯುತ್ತಿದ್ದ ನಾಲ್ಕಾರು ಜನ ಯಂತ್ರಕ್ಕೆ ಕೆಲಸ ಹೇಳುತ್ತಿದ್ದರು: ಮೊದಲು ಇದು ಮಾಡು, ಆಮೇಲೆ ಅದು ಮಾಡು, ಇಂತಿಷ್ಟು ಸಲ ಮಾಡಿ ನಿಲ್ಲಿಸು. ಈ ಪುಣ್ಯಾತ್ಮನಿಗೆ ಅದು ರುಚಿಸಲಿಲ್ಲ. ಸಂಗತಿ ಹೀಗಿದೆ, ನಿಯಮ ಹೀಗಿದೆ ಎಂದಷ್ಟೇ ಬರೆದುಕೊಟ್ಟರೆ ಉತ್ತರದ ದಾರಿಯನ್ನು ಯಂತ್ರ ತಾನೇ ಹುಡುಕಿಕೊಳ್ಳುವಂಥ ಭಾಷೆಗಳಿವೆಯಲ್ಲ, ಅವುಗಳ ಮೇಲೆ ಅವನ ಸಂಶೋಧನೆ. ಅಪ್ಪಣೆಯೇ ಇಲ್ಲದ ಭಾಷೆ! ಬರೀ ಇರುವುದನ್ನು ಹೇಳಿ ಸುಮ್ಮನೆ ಕೂರುವುದು. ಬಸ್ಸು ಕುಲುಕುವಾಗೆಲ್ಲ ಅವನಿಗೆ ಅದೇ ಧ್ಯಾನ, ಅದೇ ಸುಖ.

ಸಂಶೋಧನೆಗೆ ಬೇಕಾದ ಸಂಗತಿಗಳು ಮಾತ್ರ ಮನೆಯಲ್ಲೇ ಇದ್ದವು, ಅತ್ತೆ ಚನ್ನವೀರಮ್ಮನ ತಲೆಯಲ್ಲಿ. ಅವನ ತಂದೆಯ ಅಕ್ಕ ಈಕೆ. ಗಂಡ ತೀರಿದ ಮೇಲೆ ತವರಿಗೆ ಬಂದು, ತಾಯಿತಂದೆ ಇಲ್ಲದ ಈ ಹುಡುಗನನ್ನು ಸಾಕಿದವಳು. ಅವರ ಜನರಲ್ಲಿ ಗೋತ್ರದ ಹಾಗೆ ಪ್ರತಿ ಮನೆಗೂ ಒಂದು ಬೆಡಗು. ಒಂದೇ ಬೆಡಗಿನವರು ಎಷ್ಟು ದೂರದವರಾದರೂ ಅಣ್ಣತಂಗಿಯರ ಲೆಕ್ಕ, ಮದುವೆಯಾಗುವಂತಿಲ್ಲ. ಸುತ್ತಿನ ಹಳ್ಳಿಗಳಲ್ಲಿ ಹೆಣ್ಣು ನೋಡುವ ಮುಂಚೆ ಜನ ಚನ್ನವೀರಮ್ಮನ ಪಡಸಾಲೆಗೆ ಬಂದು ಕೂರುತ್ತಿದ್ದರು. ಯಾರ ಅಜ್ಜಿ ಎಲ್ಲಿಯವಳು, ಯಾರು ಯಾರ ಮನೆಗೆ ದತ್ತು ಹೋದರು, ಎಲ್ಲವೂ ಆಕೆಗೆ ಬಾಯಿಪಾಠ. ಸ್ವಂತ ತಂಗಿಯ ಮಗಳ ನಿಶ್ಚಿತಾರ್ಥವನ್ನೇ "ಆಗಂಗಿಲ್ಲ" ಎಂಬ ಒಂದು ಮಾತಿನಿಂದ ಮುರಿದವಳು. ಆ ತಂಗಿ ಸಾಯುವವರೆಗೂ ಈಕೆಯೊಂದಿಗೆ ಮಾತಾಡಲಿಲ್ಲ.

ರಾತ್ರಿ ಊಟವಾದ ಮೇಲೆ ಅತ್ತೆ ಶೇಂಗಾ ಬಿಡಿಸುತ್ತ ಹೇಳುವಳು, ಅಳಿಯ ಕಾರ್ಡುಗಳ ಮೇಲೆ ಬರೆಯುವನು. ಒಂದು ಕಾರ್ಡಿಗೆ ಒಂದೇ ಸಂಗತಿ. ಇಂಥವನ ತಂದೆ ಇಂಥವನು. ಇಂಥವರದು ಇಂಥ ಬೆಡಗು. ಎರಡು ವರ್ಷದಲ್ಲಿ ಆರುನೂರು ಕಾರ್ಡು ತುಂಬಿದ ಬಿಸ್ಕತ್ತಿನ ಡಬ್ಬಿಗಳು ಗೂಡಿನಲ್ಲಿ ಸಾಲಾಗಿ ಕೂತವು. ಭಾನುವಾರ ಬೆಳಗ್ಗೆ ಬ್ರೂಸ್‌ಪೇಟೆಯ ಒಂದು ತರಬೇತಿ ಕೇಂದ್ರದವರು ಒಂದು ತಾಸು ಕಂಪ್ಯೂಟರ್ ಬಿಟ್ಟುಕೊಡುತ್ತಿದ್ದರು. ಅಲ್ಲಿ ಕೂತು ಅವನ್ನೆಲ್ಲ ಒಂದೊಂದಾಗಿ ಟೈಪು ಮಾಡಿ ಯಂತ್ರಕ್ಕೆ ಉಣಿಸಿದ.

ಅಷ್ಟರಲ್ಲಿ ಗುರುಬಸಮ್ಮ ಬಂದಳು. ಸಿರುಗುಪ್ಪದ ಹೈಸ್ಕೂಲ್ ಟೀಚರು, ಬೇಸಿಗೆ ರಜೆಯ ಗಣಿತ ತರಬೇತಿಗೆಂದು ಅವನ ಕಾಲೇಜಿಗೆ ಬಂದವಳು. ಇವನ ಸಂಶೋಧನೆಯ ಮಾತು ಶುರುವಾದರೆ ಬೇರೆಯವರು ಚಹಾದ ನೆಪ ಹೇಳಿ ಜಾರಿಕೊಳ್ಳುತ್ತಿದ್ದರು. ಆಕೆ ಮಾತ್ರ ಕೂತು ಕೇಳಿದಳು, ನಡುನಡುವೆ ಪ್ರಶ್ನೆ ಹಾಕಿದಳು, ಒಂದು ಕಡೆ ಅವನ ತಪ್ಪನ್ನೂ ತೋರಿಸಿದಳು. ಮೂವತ್ತಮೂರು ವರ್ಷದ ಮನುಷ್ಯ ಅಲ್ಲಿಗೆ ಕೆಟ್ಟ, ಬಿಡಿ! ಆಮೇಲೆ ಬಸ್ಸಿನ ಕಿಟಕಿಯಲ್ಲಿ ಸಿರುಗುಪ್ಪದ ಭತ್ತದ ಗದ್ದೆಗಳೇ ಕಾಣತೊಡಗಿದವು. ಆಕೆಗೂ ಮನಸ್ಸಿತ್ತು. ಆಕೆಯ ತಂದೆ ಕೊಟ್ರಬಸಪ್ಪನವರೂ ಆಗಲಿ ಅಂದರು, ಚನ್ನವೀರಮ್ಮನ ಮಾತೊಂದು ಬರಲಿ ಎಂದು ಕಾದರು.

ಆ ಮಾತೇ ಬರಲೊಲ್ಲದು. ಹೆಸರೆತ್ತಿದರೆ ಅತ್ತೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ತಡೆಯಲಾರದೆ ಒಂದು ಭಾನುವಾರ ಅವನು ಯಂತ್ರವನ್ನೇ ಕೇಳಿದ: ತಿಪ್ಪೇರುದ್ರಪ್ಪ, ಗುರುಬಸಮ್ಮ, ಇವರಿಬ್ಬರ ನಡುವೆ ಅಡ್ಡಿ ಇದೆಯೇ? ತೆರೆಯ ಮೇಲೆ ಹಸಿರು ಅಕ್ಷರದಲ್ಲಿ 'ನೋ' ಎಂದು ಬಂತು. ಹೊರಗೆ ಬಂದವನು ಚಪ್ಪಲಿಯನ್ನು ಅಲ್ಲೇ ಮರೆತು ಬಸ್ಸು ಹತ್ತಿದ.

"ಅತ್ತಿ, ಅಡ್ಡಿ ಇಲ್ಲಂತ! ಮಷೀನು ಹೇಳ್ತು!"

ಚನ್ನವೀರಮ್ಮ ಅವನ ಬರಿಗಾಲು ನೋಡಿದಳು. "ಇಲ್ಲ ಅಂದ್ತೋ, ಗೊತ್ತಿಲ್ಲ ಅಂದ್ತೋ?"

"ಅದಕ್ಕ ಎರಡೂ ಒಂದ ಅತ್ತಿ. ತನಗ ಯಾರೂ ಹೇಳದ ಸಂಗತಿ ಲೋಕದಾಗ ಇಲ್ಲವೇ ಇಲ್ಲ ಅಂತ ತಿಳ್ಕೊಂತೈತಿ."

"ಹಂಗಾರ ಅದು ಭಾಳ ಸುಖದಾಗ ಐತಿ ಬಿಡು," ಅಂದಳು ಅತ್ತೆ. ಅವನನ್ನು ಹತ್ತಿರ ಕೂರಿಸಿಕೊಂಡಳು. "ನಿಮ್ಮ ತಾತ, ಅಂದ್ರ ನಮ್ಮಪ್ಪ, ಈ ಮನ್ಯಾಗ ಹುಟ್ಟಿದಾಂವ ಅಲ್ಲ, ರುದ್ರಾ. ಪ್ಲೇಗ್ ಬಂದ ವರ್ಷ ಸಿರುಗುಪ್ಪದಿಂದ ದತ್ತು ತಂದ್ರು. ತೊಟ್ಟಿಲ ಕೂಸು. ಗುರುಬಸಮ್ಮನ ತಾತನೂ ಅವನೂ ಒಂದ ತಾಯಿ ಮಕ್ಕಳು. ಹುಟ್ಟಿನಿಂದ ನೀವಿಬ್ಬರೂ ಒಂದ ಬೆಡಗು. ಎರಡೂ ಮನಿ ಹಿರಿಯರು ಯಾರಿಗೂ ಹೇಳಂಗಿಲ್ಲ ಅಂತ ಬಸವಣ್ಣನ ಮುಂದ ಆಣಿ ಮಾಡಿದ್ರು. ನಮ್ಮಪ್ಪ ಸಾಯೂ ಮುಂದ ನನಗೊಬ್ಬಾಕಿಗೆ ಹೇಳಿದ. ಗೊತ್ತಿದ್ದೋರೆಲ್ಲ ಮಣ್ಣಾದ್ರು."

ಅಯ್ಯೋ ದೇವರೇ! ಎರಡು ತಲೆಮಾರು ಹಿಂದಿನ ಒಂದು ಕೂಸು, ಈಗ ಬದುಕಿರುವ ಯಾರೂ ತೊಟ್ಟಿಲಲ್ಲಿ ಕಂಡಿರದ ಕೂಸು, ಎದ್ದು ಬಂದು ತಿಪ್ಪೇರುದ್ರಪ್ಪನ ಮುಂದೆ ಕೂತಿತ್ತು.

"ಮುಂದಿನ ಸೋಮವಾರ ಸಿರುಗುಪ್ಪದವರು ಬರ್ತಾರ. ಕೇಳ್ತಾರ. ಹೇಳ್ಲೋ ಬಿಡ್ಲೋ, ನೀನ ಹೇಳಪ್ಪ."

ಅವನು ಬಾಯಿ ತೆರೆದ. ಹೇಳು ಎಂದೂ ಬರಲಿಲ್ಲ, ಬೇಡ ಎಂದೂ ಬರಲಿಲ್ಲ. ಅತ್ತೆ ಶೇಂಗಾದ ಮೊರ ಎತ್ತಿಕೊಂಡು ಒಳಗೆ ಹೋದಳು.

ಸೋಮವಾರ ಪಡಸಾಲೆ ತುಂಬ ಜನ. ಕೊಟ್ರಬಸಪ್ಪ ಕೈಮುಗಿದು ಕೇಳಿದರು, "ನಿಮ್ಮ ಬಾಯಿಂದ ಒಂದು ಮಾತು ಬರಲ್ರಿ, ಅಮ್ಮಾರ. ಎಲ್ಯಾರ ಅಡ್ಡಿ ಐತೇನ್ರಿ?"

ಚನ್ನವೀರಮ್ಮ ಕಣ್ಣು ಮುಚ್ಚಿಕೊಂಡಳು. ಹಿಂದಿನ ಮನೆಗಳೆಲ್ಲ ಆಕೆಯ ಕಣ್ಣೊಳಗೆ ಹಾಯ್ದು ಹೋಗುತ್ತಿವೆ ಎಂದು ಜನ ಎಂದಿನ ಭಕ್ತಿಯಿಂದ ಕಾದರು. ತಿಪ್ಪೇರುದ್ರಪ್ಪ ಗೋಡೆಗೆ ಒರಗಿ ನಿಂತು ಗೂಡಿನ ಡಬ್ಬಿಗಳನ್ನೇ ನೋಡುತ್ತಿದ್ದ.

"ನನಗ ತಿಳಿದಂಗ ಏನೂ ಇಲ್ರಿ," ಅಂದಳು.

ಅಷ್ಟು ಸಾಕಾಗಿತ್ತು. ಆಕೆಗೆ ತಿಳಿಯದ್ದು ಈ ಸೀಮೆಯಲ್ಲೇ ಇಲ್ಲ ಎಂದು ಎಲ್ಲರೂ ನಂಬಿದ್ದರು. ಸಕ್ಕರೆ ಹಂಚಿದರು, ನಕ್ಕರು, ದಿನ ಗೊತ್ತು ಮಾಡಿದರು. ತನ್ನ ಪಾಲಿಗೆ ಬಂದ ಸಕ್ಕರೆಯನ್ನು ಆಕೆ ಅಂಗೈಯಲ್ಲಿ ಹಿಡಿದೇ ಇದ್ದಳು, ಬಾಯಿಗೆ ಹಾಕಿಕೊಳ್ಳಲಿಲ್ಲ.

ಮದುವೆ ಚೆನ್ನಾಗಿಯೇ ಆಯಿತು. ಗುರುಬಸಮ್ಮ ಬಂದ ಮೇಲೆ ಮನೆಯಲ್ಲಿ ನಗು, ಲೆಕ್ಕ, ವಾದ ಎಲ್ಲ ತುಂಬಿತು. ಬಸ್ಸಿನ ಕಿಟಕಿಯಲ್ಲಿ ತಿಪ್ಪೇರುದ್ರಪ್ಪ ಮತ್ತೆ ಕನಸು ಕಾಣತೊಡಗಿದ. ಸುಖವಾಗಿದ್ದ, ಸುಳ್ಳೇಕೆ ಹೇಳಬೇಕು.

ಮೂರು ತಿಂಗಳ ಮೇಲೆ ಹಳ್ಳಿಯಿಂದ ಗಂಡಹೆಂಡಿರಿಬ್ಬರು ಬೆಡಗು ಕೇಳಲು ಬಂದರು. ಚನ್ನವೀರಮ್ಮ ನೀರು ಕೊಟ್ಟು, "ನನಗ ಎಲ್ಲಾ ಮರತೈತ್ರಿ, ಬ್ಯಾರೆ ಯಾರನ್ನಾರ ಕೇಳ್ರಿ," ಅಂದಳು. ಅವರ ಮುಖ ಸಪ್ಪಗಾಯಿತು. ಮಗಳ ಮದುವೆಯ ಮಾತು, ಪಾಪ. ತಿಪ್ಪೇರುದ್ರಪ್ಪ ಗೂಡಿನಿಂದ ಡಬ್ಬಿ ಇಳಿಸಿದ. "ಅತ್ತಿ, ಕಾರ್ಡಿನ್ಯಾಗ ಎಲ್ಲಾ ಐತಿ. ನಾನ ನೋಡಿ ಹೇಳಲೇನು?"

ಆಕೆ ಬಂದು ಡಬ್ಬಿಯ ಮುಚ್ಚಳದ ಮೇಲೆ ಕೈಯಿಟ್ಟಳು. ಬಂದವರಿಗೆ ಕೇಳಿಸದಷ್ಟು ಮೆಲ್ಲಗೆ, "ಎಲ್ಲಾ ಇಲ್ಲ, ರುದ್ರಾ. ಒಂದು ಕಮ್ಮಿ ಐತಿ. ಅದು ಕಮ್ಮಿ ಇರೂತನಕ ನಾನೂ ಹೇಳಂಗಿಲ್ಲ, ನೀನೂ ಹೇಳಂಗಿಲ್ಲ," ಅಂದಳು.

ಒಳಗೆ ಗುರುಬಸಮ್ಮ ಏನೋ ಗುನುಗುತ್ತ ರೊಟ್ಟಿ ಬಡಿಯುತ್ತಿದ್ದಳು. ಗಂಡಹೆಂಡಿರು ನೀರು ಕುಡಿದು ಎದ್ದರು.