ಬೀರುವಿನಲ್ಲಿ ಬೀಗ ಹಾಕಿಟ್ಟ ಹದಿನಾಲ್ಕು ಫೋನು

2019ರಲ್ಲಿ, ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಎರಡನೇ ಟರ್ಮಿನಲ್ ಕಟ್ಟುತ್ತಿದ್ದಾಗ, ದೊಡ್ಡಬಳ್ಳಾಪುರದ ಒಂದು ದಿವಾಳಿ ಇಂಟರ್ನೆಟ್ ಕಂಪನಿಗೆ ನಾನು ರೆಸಲ್ಯೂಷನ್ ಪ್ರೊಫೆಷನಲ್ ಆಗಿ ನೇಮಕಗೊಂಡೆ. ಹೆಸರು ದೊಡ್ಡದು, ಕೆಲಸ ಇಷ್ಟೆ: ಕೊಳ್ಳುವವರು ಸಿಗುವ ತನಕ ಕಂಪನಿ ನಿಂತುಹೋಗದಂತೆ ನೋಡಿಕೊಳ್ಳುವುದು. ಮೊದಲ ದಿನ 3,140 ಕನೆಕ್ಷನ್‌ಗಳಿದ್ದವು.

ಹೊಸಕೋಟೆಯ ಕೇಬಲ್ ಉದ್ಯಮಿಯೊಬ್ಬರು ಆ ವಾರವೇ ಬಂದು ನೋಡಿದರು. “ಎರಡು ಸಾವಿರ ಕನೆಕ್ಷನ್ ಉಳಿಸ್ಕೊಡಿ ಸಾರ್, ಲೈನ್‌ಮನ್‌ಗಳನ್ನೆಲ್ಲ ಇಟ್ಕೊಂಡೇ ತಗೋತೀನಿ. ಕಮ್ಮಿಯಾದ್ರೆ ಬರೀ ವೈರು, ಪೆಟ್ಟಿಗೆ ಅಷ್ಟೇ ನಂಗೆ” ಎಂದರು. ಹದಿನಾಲ್ಕು ಲೈನ್‌ಮನ್‌ಗಳ ಅನ್ನ ಆ ಒಂದು ಸಂಖ್ಯೆಯ ಮೇಲೆ ನಿಂತಿತು.

ನಾನು ಮಹಾ ಅಚ್ಚುಕಟ್ಟಿನ ಮನುಷ್ಯ. ಕಂಪನಿಯ ಆಸ್ತಿಯನ್ನು ವಶಕ್ಕೆ ಪಡೆದು ಪಟ್ಟಿ ಮಾಡಬೇಕೆಂಬುದು ನಿಯಮ. ಕುರ್ಚಿ, ಏಣಿ, ರೂಟರ್ ಎಲ್ಲ ಬರೆದುಕೊಂಡೆ. ಲೈನ್‌ಮನ್‌ಗಳಿಗೆ ಕಂಪನಿ ಕೊಟ್ಟಿದ್ದ ಹದಿನಾಲ್ಕು ಮೊಬೈಲನ್ನೂ ಸಿಮ್ ಸಮೇತ ಇಸಿದುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಅವರಲ್ಲಿ ಹಿರಿಯರಾದ ರಾಜಘಟ್ಟದ ಮುನಿರಾಜು ಏನೋ ಹೇಳಲು ಬಾಯಿ ತೆರೆದರು. ನನಗೆ ಕೇಳುವ ವ್ಯವಧಾನ ಇರಲಿಲ್ಲ.

ಬೀರುವಿನೊಳಗಿಂದ ಬೆಳಗಿನಿಂದ ಸಂಜೆಯ ತನಕ ಒಂದೇ ಸಮನೆ ರಿಂಗ್. ತಲೆ ಚಿಟ್ಟುಹಿಡಿದು, ಎರಡನೇ ದಿನ ಬೀಗ ತೆಗೆದು ಎಲ್ಲವನ್ನೂ ನಾನೇ ಆಫ್ ಮಾಡಿದೆ.

ಅಲ್ಲಿಂದ ನನ್ನ ನೆಮ್ಮದಿ ಹೋಯಿತು. ಒಂದು ವಾರಕ್ಕೆ ಕನೆಕ್ಷನ್ 2,870ಕ್ಕೆ ಇಳಿಯಿತು, ಇನ್ನೊಂದು ವಾರಕ್ಕೆ 2,410. ದರ ಏರಿಸಿರಲಿಲ್ಲ, ಸ್ಪೀಡು ಇಳಿಸಿರಲಿಲ್ಲ. ಮತ್ತೆ ಜನ ಯಾಕೆ ಬಿಡುತ್ತಿದ್ದಾರೆ? ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಊಟದ ನಡುವೆ ಎದ್ದು ಎಡಗೈಯಲ್ಲೇ ಕಂಪ್ಯೂಟರ್ ಒತ್ತಿ ಸಂಖ್ಯೆ ನೋಡಿ ಬರುತ್ತಿದ್ದೆ. ಕೊನೆಗೆ ಮುನಿರಾಜು ಅವರನ್ನು ಕರೆಸಿ ರೇಗಿದೆ: “ಏನ್ರೀ ಮಾಡ್ತಿದೀರಾ ನೀವೆಲ್ಲ?”

“ನೆಟ್ ಕೆಟ್ಟೋದ್ರೆ ಇಲ್ಲಿ ಯಾರೂ ಹೆಲ್ಪ್‌ಲೈನ್‌ಗೆ ಮಾಡಲ್ಲ ಸಾರ್, ನಮ್ಮ ನಂಬರ್‌ಗೇ ಮಾಡೋದು. ಅದನ್ನ ನೀವು ಬೀರುಗೆ ಹಾಕ್ಬಿಟ್ರಿ. ಸ್ವಿಚ್ಡ್ ಆಫ್ ಬಂದ್ರೆ ಕಂಪನಿನೇ ಮುಚ್ಚೋಯ್ತು ಅನ್ಕೊತಾರೆ.”

ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ತಕ್ಷಣ ಬೀಗ ತೆಗೆದೆ. ಮುನಿರಾಜು ಫೋನು ಆನ್ ಮಾಡಿದ ಸ್ವಲ್ಪ ಹೊತ್ತಿಗೇ ಕರೆ ಬಂತು. ನನಗೂ ಕೇಳಲೆಂದು ಸ್ಪೀಕರ್ ಹಾಕಿದರು. ಗಿರಾಕಿಯೊಬ್ಬರ ದನಿ: “ಮುನಿರಾಜಣ್ಣ, ಎಲ್ಲೋಗ್ಬಿಟ್ಟಿದ್ದೆ? ಹತ್ತು ಸಲ ಮಾಡ್ದೆ ಕಣಣ್ಣ. ಮಗಳ ಆನ್‌ಲೈನ್ ಕೋಚಿಂಗ್ ನಿಂತೋಗುತ್ತೆ ಅಂತ ಬೆಳಿಗ್ಗೆ ಬೇರೆಯವ್ರ ಲೈನ್ ಹಾಕಿಸ್ಕೊಂಡ್ವಿ. ಬೇಜಾರ್ ಮಾಡ್ಕೋಬೇಡ, ಬಂದು ನಿಮ್ ಪೆಟ್ಟಿಗೆ ತಗೊಂಡೋಗು.”

ಹದಿನಾಲ್ಕೂ ಜನ ಮನೆಮನೆ ತಿರುಗಿದರು. ಇಳಿತ ನಿಧಾನವಾಯಿತು, ನಿಲ್ಲಲಿಲ್ಲ. ಮಾರಾಟದ ದಿನ ಉಳಿದದ್ದು 1,936. ಹೊಸಕೋಟೆಯವರ ಮುಂದೆ ಅಂಗಲಾಚಿದೆ. ಆರು ಜನರನ್ನು ಇಟ್ಟುಕೊಳ್ಳಲು ಒಪ್ಪಿದರು. ವಯಸ್ಸಾಯಿತೆಂದು ಮುನಿರಾಜು ಅವರನ್ನು ಕೈಬಿಟ್ಟರು.

ಕೊನೆಯ ದಿನ ಅವರು ಬಂದು ಕೇಳಿದರು: “ಕೆಲ್ಸ ಹೋದ್ರೆ ಹೋಗ್ಲಿ ಸಾರ್. ಈ ನಂಬರ್ ಒಂದು ನಂಗೆ ಬಿಟ್ಕೊಡ್ತೀರಾ? ಊರವ್ರೆಲ್ಲ ಇದಕ್ಕೇ ಮಾಡೋದು. ಮನೆಗಳಿಗೆ ಸಿಸಿ ಕ್ಯಾಮ್ರಾ ಹಾಕೋ ಕೆಲ್ಸನಾದ್ರೂ ಸಿಗುತ್ತೆ.”

ಆ ನಂಬರು ಮಾರಾಟದ ಪಟ್ಟಿಗೆ ಸೇರಿಹೋಗಿತ್ತು. ಆಗುವುದಿಲ್ಲ ಎಂದೆ.

ಅಂದಿನಿಂದ ಯಾವ ಕಂಪನಿಗೆ ಹೋದರೂ, ವಸ್ತುಗಳನ್ನು ಮುಟ್ಟುವ ಮೊದಲು ಅಲ್ಲಿ ದುಡಿಯುವವರನ್ನು ಕೂರಿಸಿಕೊಂಡು ಮಾತು ಕೇಳುತ್ತೇನೆ. ಪಾಠ ಕಲಿತದ್ದು ನಾನು, ಅದಕ್ಕೆ ಬೆಲೆ ತೆತ್ತವರು ಮುನಿರಾಜು.